ಎಂಬತ್ತೆಂಟನೆಯ ಚೀಟಿ

ಅಣ್ಣ ಸತ್ತ ನಾಲ್ಕನೆಯ ತಿಂಗಳು ಅವನ ಹೆಸರಿಗೆ ಒಂದು ಹಾಜರಿ ಪತ್ರ ಬಂತು. ‘ಇದ್ದೀರಾ?’ ಎಂದಷ್ಟೇ ಕೇಳಿತ್ತು. ‘ಇದ್ದೇನೆ’ ಎಂದು ಬರೆದು ಕಳಿಸಿದೆ. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಎದ್ದು ಹೋಗಿ ಆರಿಸಿದೆ.

ಬೇಕೆಂದೇ ಸುಳ್ಳು ಹೇಳಿದಳು ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಕೊನೆಯ ಎರಡು ವರ್ಷ ಅವನ ಕೈ ನಡುಗುತ್ತಿತ್ತು. ಅವನು ಬಾಯಲ್ಲಿ ಹೇಳುತ್ತಿದ್ದ, ನಡುಮನೆಯ ಲ್ಯಾಪ್‌ಟಾಪಿನ ಕೀಲಿಗಳನ್ನು ನಾನು ಒತ್ತುತ್ತಿದ್ದೆ. ಹಾಜರಿ ಪತ್ರಕ್ಕೆ ಉತ್ತರ ಬರೆಯುತ್ತಿದ್ದವಳೂ ನಾನೇ. ಕೈಗೆ ರೂಢಿಯಾದದ್ದು ಸಾವುಗೀವು ಅಂತ ನೋಡುವುದಿಲ್ಲ.

ಅಣ್ಣ ಲಿಫ್ಟ್ ರಿಪೇರಿಯವನು. ನಾನು ಹೊಲಿಗೆಯವಳು, ಹೊಸ ಬಟ್ಟೆಗಿಂತ ಹಳೆಯದನ್ನು ಬಿಚ್ಚಿ ಸರಿಮಾಡುವುದೇ ಹೆಚ್ಚು. ಇಬ್ಬರಿಗೂ ಮದುವೆಯ ಗೊಡವೆ ಇರಲಿಲ್ಲ, ಒಂದೇ ಮನೆ. ಸಂಜೆಯ ಹೊತ್ತು ಅವನಿಗೆ ಇನ್ನೊಂದು ಕೆಲಸವಿತ್ತು. ಕಂಪ್ಯೂಟರು ನಡೆಸಲು ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದಾದ ಲಿನಕ್ಸ್ ಎಂಬ ತಂತ್ರಾಂಶವಿದೆ. ಹೊಸ ಆವೃತ್ತಿ ಬಂದ ಕೂಡಲೇ ಅದನ್ನು ಮಾಡಿದವರು ಹಳೆಯದರ ಕೈಬಿಟ್ಟರು. ಆದರೆ ಹಳೆಯ ಕಂಪ್ಯೂಟರುಗಳ ಮೇಲೆ ಹೊಸದು ಓಡುವುದಿಲ್ಲ. ಅಂಥವುಗಳಿಗಾಗಿ ಹನ್ನೊಂದು ಜನ ಬೇರೆಬೇರೆ ಊರುಗಳಲ್ಲಿ ಕೂತು, ಕಳ್ಳರು ನುಸುಳಬಹುದಾದ ತೂತು ಕಂಡಲ್ಲಿ ತೇಪೆ ಹಾಕಿ, ಅಪ್‌ಡೇಟ್ ಕಳಿಸುತ್ತಾರೆ. ಪ್ರಿಂಟರುಗಳನ್ನು ನಡೆಸುವ ಭಾಗ ಅಣ್ಣನದು. ಹೊತ್ತಲ್ಲದ ಹೊತ್ತಿನಲ್ಲಿ ಪತ್ರ ಬರೆಯುತ್ತಿದ್ದನೆಂದು ಅಲ್ಲಿಯವರು ಅವನಿಗೆ ಗೂಬೆ ಎಂದು ಹೆಸರಿಟ್ಟಿದ್ದರು. ಅವರ ಮುಖ್ಯಸ್ಥನಿಗೆ ಇವನು ಹೆಡ್‌ಮಾಸ್ತರ್ ಎಂದು ಇಟ್ಟಿದ್ದ. ಅಲ್ಲಿಗೆ ಲೆಕ್ಕ ಚುಕ್ತಾ.

ಹೆಡ್‌ಮಾಸ್ತರನ ನಿಯಮವೇ ಆ ಹಾಜರಿ. ಇಪ್ಪತ್ತೊಂದು ದಿನದೊಳಗೆ ಉತ್ತರ ಬಾರದಿದ್ದರೆ ಪಟ್ಟಿಯಿಂದ ಹೆಸರು ಹೊಡೆಯುತ್ತಾನೆ.

ಅಷ್ಟರೊಳಗೆ ನಾನು ಅಣ್ಣನ ಹೆಸರನ್ನು ಎಲ್ಲ ಕಡೆಯಿಂದ ಹೊಡೆಸಿ ಬಂದಿದ್ದೆ. ಬ್ಯಾಂಕು, ಲಿಫ್ಟ್ ಕಂಪನಿ, ಫೋನಿನವರು, ಕರೆಂಟಿನವರು. ಎಲ್ಲ ಕಡೆಯೂ ಒಂದು ಅರ್ಜಿ, ಒಂದು ಸಹಿ. ಕೊರಡಿನ ಹಾಗೆ ಕೂತು ಸಹಿ ಹಾಕಿದೆ. ಒಂದು ಹನಿ ಕಣ್ಣೀರು ಬರಲಿಲ್ಲ. ‘ಗಟ್ಟಿ ಹೆಂಗಸು’ ಅಂದರು ಕೌಂಟರಿನವರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಒಳಗೆ ಏನೂ ಆಗುತ್ತಿರಲಿಲ್ಲ, ಅಷ್ಟೇ. ಅವನ ಹೆಸರು ಉಳಿದಿದ್ದದ್ದು ಈ ಹನ್ನೊಂದು ಜನರ ಪಟ್ಟಿಯಲ್ಲಿ ಮಾತ್ರ. ಅಲ್ಲಾದರೂ ಇರಲಿ ಅನ್ನಿಸಿತು.

ಆರನೆಯ ತಿಂಗಳಲ್ಲಿ ಹೆಡ್‌ಮಾಸ್ತರನ ಪತ್ರ ಬಂತು: ‘ಗೂಬೆ, ನಿನ್ನ ಭಾಗದಲ್ಲಿ ತೂತು ಸಿಕ್ಕಿದೆ. ಗುರುವಾರದೊಳಗೆ ಮುಚ್ಚು.’

ಮುಚ್ಚಿದೆ. ಹೇಗೆ ಮಾಡಬೇಕೆಂದು ಅಣ್ಣ ಹೇಳಿ ಬರೆಸಿದ್ದ ನೋಟ್‌ಬುಕ್ಕು ನನ್ನ ಹತ್ತಿರವೇ ಇತ್ತು. ಹೊಸ ಆವೃತ್ತಿಯವರು ಮಾಡಿದ ತೇಪೆಯನ್ನು ತಂದು ಹಳೆಯದರ ಅಳತೆಗೆ ಕತ್ತರಿಸಿ ಹೊಂದಿಸುವುದು. ಹದಿನಾಲ್ಕು ಹೆಜ್ಜೆ. ಹದಿಮೂರು ಮಾಡಿದೆ. ಹದಿನಾಲ್ಕನೆಯದು ಒಂದೇ ಮಾತು: ‘ಚೀಟಿ.’

ಅಡುಗೆಮನೆಯ ಕಪಾಟಿನ ಬಾಗಿಲ ತುಂಬ ಆ ಚೀಟಿಗಳೇ ಇವೆ. ಅಪ್‌ಡೇಟ್ ಕಳಿಸುವ ಮುಂಚೆ ಅಣ್ಣ ತನ್ನ ಹಳೆಯ ಕಂಪ್ಯೂಟರಿನಿಂದ, ಸೀಸೆಗಳಿಗೆ ಅಂಟಿಸುವ ಚೀಟಿ ಹೊಡೆಯುವ ಪುಟ್ಟ ಪ್ರಿಂಟರಿನಲ್ಲಿ ‘ಪರೀಕ್ಷೆ’ ಎಂಬ ಮಾತನ್ನೂ ಅಪ್‌ಡೇಟಿನ ಸಂಖ್ಯೆಯನ್ನೂ ಹೊಡೆದು, ಸರಿಯಾಗಿ ಬಂದರೆ ಬಾಗಿಲಿಗೆ ಅಂಟಿಸುತ್ತಿದ್ದ. ಎಂಬತ್ತಾರರವರೆಗೆ ಇದ್ದವು. ಉಪ್ಪಿನ ಡಬ್ಬಿಗೆ ಕೈ ಹಾಕಿದಾಗಲೆಲ್ಲ ಪರೀಕ್ಷೆ, ಪರೀಕ್ಷೆ ಎಂದು ಕಣ್ಣಿಗೆ ಹೊಡೆಯುತ್ತಿತ್ತು. ಇದೇನು ಮನೆಯೋ ಹೈಸ್ಕೂಲೋ ಎಂದು ಬೈದದ್ದೂ ಉಂಟು.

ಆ ಹಳೆಯ ಕಂಪ್ಯೂಟರು ಅವನ ಕೋಣೆಯಲ್ಲಿತ್ತು, ಪ್ರಿಂಟರು ಅವನ ಮಂಚದ ಕೆಳಗಿತ್ತು. ಆ ಕೋಣೆಯ ಬಾಗಿಲನ್ನು ನಾನು ಆರು ತಿಂಗಳಿಂದ ತೆಗೆದಿರಲಿಲ್ಲ. ಒಂದು ಚೀಟಿಯಿಂದ ಏನಾಗುತ್ತದೆ ಅಂದುಕೊಂಡು, ಎಂಬತ್ತೇಳನೆಯ ಅಪ್‌ಡೇಟನ್ನು ಅಣ್ಣನ ಹೆಸರಿನಲ್ಲಿ, ಅವನ ಡಿಜಿಟಲ್ ಸಹಿಯಲ್ಲಿ ಕಳಿಸಿಬಿಟ್ಟೆ.

ಶುಕ್ರವಾರ ಮಧ್ಯಾಹ್ನ ಒಂದು ಪ್ಯಾಂಟಿನ ಕಾಲು ಗಿಡ್ಡ ಮಾಡುತ್ತ ಕೂತಿದ್ದೆ. ಫೋನು ಬಂತು.

“ನಮಸ್ಕಾರಮ್ಮ. ಗೂಬೆ ಇದ್ದಾನಾ? ಅವನ ನಂಬರು ಹೋಗ್ತಿಲ್ಲ. ಇದು ತಂಗಿ ನಂಬರು ಅಂತ ಕೊಟ್ಟಿದ್ದ.”

ದನಿ ಕೇಳಿದ ಕೂಡಲೇ ಗೊತ್ತಾಯಿತು, ಹೆಡ್‌ಮಾಸ್ತರನೇ.

“ಸ್ನಾನಕ್ಕೆ ಹೋಗಿದ್ದಾನೆ,” ಅಂದೆ. ಆರು ತಿಂಗಳಿಂದ ಸ್ನಾನ ಮಾಡುತ್ತಿರುವ ಮನುಷ್ಯ! ಇದಕ್ಕಿಂತ ಒಳ್ಳೆಯ ಸುಳ್ಳು ಬಾಯಿಗೆ ಬರಲಿಲ್ಲ.

“ಹುಷಾರಾಗಿದ್ದಾನೆ ತಾನೆ? ಹನ್ನೆರಡು ವರ್ಷದಿಂದ ನೋಡ್ತಿದ್ದೀನಿ, ಚೀಟಿ ಹೊಡೆದು ನೋಡದೆ ಒಂದ್ಸಲಾನೂ ಕಳಿಸಿದವನಲ್ಲ. ಈ ಸಲ ಚೀಟಿ ಪ್ರಿಂಟರುಗಳೆಲ್ಲ ಕೆಟ್ಟು ಕೂತಿವೆ. ಅರ್ಧ ಖಾಲಿ ಬರ್ತಿದೆಯಂತೆ.”

“ಎಲ್ಲಿ?”

“ಎಲ್ಲ ಕಡೆ. ಒಂದು ಆಸ್ಪತ್ರೆಯ ಔಷಧಿ ವಿಭಾಗದಾಕೆ ಬೆಳಿಗ್ಗೆಯಿಂದ ಸೀಸೆಗಳ ಮೇಲೆ ಕೈಯಲ್ಲೇ ಬರೀತಿದ್ದಾಳೆ. ಇನ್ನೂರು ಸೀಸೆ ಆಯ್ತಂತೆ. ಒಂದು ತಪ್ಪಾದ್ರೂ ಯಾರ ಜೀವಕ್ಕೋ ಕುತ್ತು. ಗೂಬೆಗೆ ವಯಸ್ಸಾಯ್ತು, ತೆಗೆದುಬಿಡಿ ಅಂತ ನಮ್ಮವರೇ ಇಬ್ಬರು ಬರೆದಿದ್ದಾರೆ. ನನಗೆ ಮನಸ್ಸಿಲ್ಲಮ್ಮ. ಸ್ನಾನ ಮುಗಿಸಿ ಬಂದ ತಕ್ಷಣ ಫೋನ್ ಮಾಡೋಕೆ ಹೇಳು.”

ಫೋನಿಟ್ಟೆ. ಪ್ಯಾಂಟಿನ ಕಾಲು ಮುಗಿಸಿದೆ, ಗಂಟು ಹಾಕಿ ದಾರ ಕತ್ತರಿಸಿದೆ. ಅವನ ಹೆಸರು ಉಳಿಸಲು ಹೋಗಿ ನಾನೇ ಅದಕ್ಕೆ ಮಸಿ ಬಳಿದಿದ್ದೆ. ಅವನು ಬದುಕಿದ್ದಾಗ ಮಾಡದ ತಪ್ಪನ್ನು ಸತ್ತ ಮೇಲೆ ಮಾಡಿಸಿದ್ದೆ. ನಾಚಿಕೆಯಾಯಿತು. ಆರು ತಿಂಗಳಲ್ಲಿ ನನಗೆ ಆದದ್ದು ಅದೊಂದೇ.

ಕೋಣೆಯ ಬಾಗಿಲು ತೆಗೆದೆ. ಯಾವ ವಾಸನೆಯೂ ಇರಲಿಲ್ಲ, ಬರೀ ಧೂಳು. ಮಂಚದ ಕೆಳಗೆ ಕೈ ಹಾಕಿ ಪ್ರಿಂಟರನ್ನು ಎಳೆದೆ. ಕಾಗದದ ಸುರುಳಿ ಮುಗಿದಿತ್ತು. ಆಗ ನೆನಪಾಯಿತು, ಆಸ್ಪತ್ರೆಗೆ ಹೋಗುವ ಹಿಂದಿನ ದಿನ ‘ಸುರುಳಿ ಖಾಲಿ, ನಾಳೆ ಹಾಕಿಕೊಡೇ’ ಅಂದಿದ್ದ. ‘ನಿಂಗೇನು ಕೈಯಿಲ್ವಾ’ ಅಂದಿದ್ದೆ. ಕೈ ನಡುಗುವವನಿಗೆ ಅಂಥ ಮಾತು ಆಡಿದ್ದೆ. ಅವನು ನಕ್ಕಿದ್ದ.

ಹೊಸ ಸುರುಳಿ ಹಾಕಿದೆ. ಅವನ ಕಂಪ್ಯೂಟರಿನ ಗುಂಡಿ ಒತ್ತಿದೆ, ಪ್ರಿಂಟರಿನದನ್ನೂ ಒತ್ತಿದೆ. ಎರಡು ನಿಮಿಷ ಏನೂ ಇಲ್ಲ. ಆಮೇಲೆ, ನಾನು ಇನ್ನೂ ಏನನ್ನೂ ಮುಟ್ಟದೆ ಇರುವಾಗಲೇ, ಪ್ರಿಂಟರು ಕಿರ್ರೆಂದು ಒಂದು ಚೀಟಿ ಹೊರಗೆ ಹಾಕಿತು.

‘ಪರೀಕ್ಷೆ ೮೭.’

ಅವನು ತನ್ನದೇ ಒಂದು ಎಂಬತ್ತೇಳನ್ನು ಅರ್ಧ ಮಾಡಿಟ್ಟು ಕೊನೆಗೆ ಪ್ರಿಂಟರಿಗೆ ಕಳಿಸಿದ್ದ ಚೀಟಿ. ಕಾಗದ ಬರಲಿ ಅಂತ ಆರು ತಿಂಗಳು ಸರದಿಯಲ್ಲಿ ಕಾದಿತ್ತು. ಅಕ್ಷರ ಅಚ್ಚುಕಟ್ಟಾಗಿತ್ತು, ಎಲ್ಲೂ ಖಾಲಿಯಿರಲಿಲ್ಲ. ಹರಿದು ಅಂಗೈಯಲ್ಲಿಟ್ಟುಕೊಂಡೆ. ಬಿಸಿಯಾಗಿತ್ತು. ಅಳು ಬರುತ್ತದೆ ಅಂದುಕೊಂಡು ಮಂಚದ ತುದಿಯಲ್ಲಿ ಕೂತೆ. ಬರಲಿಲ್ಲ. ಎದ್ದೆ.

ನನ್ನ ಎಂಬತ್ತೇಳನ್ನು ಅದೇ ಯಂತ್ರಕ್ಕೆ ಹಾಕಿ ಹೊಡೆದರೆ ‘ಪರೀ’ ಎಂದು ಬಂದು ನಿಂತಿತು. ಹೊಸ ಆವೃತ್ತಿಯವರು ಸಣ್ಣ ಕಾಗದದ ಅಳತೆ ಹೇಳುವ ನಾಲ್ಕು ಸಾಲುಗಳನ್ನು ಪ್ರೋಗ್ರಾಮಿನಿಂದ ಯಾವತ್ತೋ ಕಿತ್ತುಹಾಕಿದ್ದರು. ಅಣ್ಣ ಪ್ರತಿ ಸಲವೂ ಅವನ್ನು ಮತ್ತೆ ಸೇರಿಸುತ್ತಿದ್ದ. ನೋಟ್‌ಬುಕ್ಕಿನಲ್ಲಿ ಅದಿರಲಿಲ್ಲ. ಚೀಟಿ ಹೊಡೆದು ನೋಡಿದರೆ ತಾನಾಗಿಯೇ ಗೊತ್ತಾಗುತ್ತದೆ, ಬರೆಸುವುದೇಕೆ ಅಂದುಕೊಂಡಿರಬೇಕು. ಎಂಬತ್ತಾರನೆಯದರಿಂದ ನಾಲ್ಕು ಸಾಲು ತಂದು ಸೇರಿಸಿದೆ. ‘ಪರೀಕ್ಷೆ ೮೮’ ಪೂರ್ತಿ ಬಂತು.

ಪ್ರತಿ ಅಪ್‌ಡೇಟಿನ ಜೊತೆಗೂ ಏನು ಬದಲಾಯಿತು, ಯಾರು ಬದಲಿಸಿದರು ಎಂದು ಎರಡು ಸಾಲು ಬರೆಯಬೇಕು. ಅದು ಎಲ್ಲರ ಕಂಪ್ಯೂಟರಿಗೂ ಹೋಗುತ್ತದೆ. ನಾನು ಬರೆದೆ: ‘ಸಣ್ಣ ಕಾಗದದ ನಾಲ್ಕು ಸಾಲು ಮತ್ತೆ ಸೇರಿಸಿದೆ. ಎಂಬತ್ತೇಳನೆಯದನ್ನು ಕೆಡಿಸಿದ್ದು ನಾನು, ಗೂಬೆಯಲ್ಲ. ಅವನು ತೀರಿಕೊಂಡು ಆರು ತಿಂಗಳಾಯಿತು. ಹಾಜರಿಗೆ ಉತ್ತರ ಕೊಟ್ಟವಳೂ ನಾನೇ. ಇಂತಿ, ಅವನ ತಂಗಿ.’ ಅರ್ಜಿಗಳಲ್ಲೆಲ್ಲ ಅಚ್ಚಾಗಿದ್ದ ಮಾತಿನ ಕೆಳಗೆ ಸಹಿ ಹಾಕಿದ್ದೆನೇ ಹೊರತು ಈ ಮಾತನ್ನು ನಾನಾಗಿ ಬರೆದದ್ದು ಇದೇ ಮೊದಲು.

ಈ ಸಲ ಅಣ್ಣನ ಸಹಿ ಹಾಕಲಿಲ್ಲ. ನನಗೆ ಅಂಥ ಡಿಜಿಟಲ್ ಸಹಿ ಸ್ವಂತದ್ದು ಇರಲಿಲ್ಲ. ಹೆಡ್‌ಮಾಸ್ತರನಿಗೆ ಕಳಿಸಿದೆ. ಇಪ್ಪತ್ತು ನಿಮಿಷದಲ್ಲಿ ಅವನು ತನ್ನ ಸಹಿ ಹಾಕಿ ಬಿಡುಗಡೆ ಮಾಡಿದ. ನಾನು ಬರೆದದ್ದರಲ್ಲಿ ಒಂದಕ್ಷರವನ್ನೂ ಮುಟ್ಟಿರಲಿಲ್ಲ. ಸಂಜೆ ಔಷಧಿ ವಿಭಾಗದಾಕೆ ಬರೆದಳು: ‘ಚೀಟಿ ಬರ್ತಿದೆ. ಕೈಯಲ್ಲಿ ಬರೆದ ಸೀಸೆಗಳನ್ನೆಲ್ಲ ಇನ್ನೊಂದ್ಸಲ ನೋಡಿದೆ, ಯಾವುದೂ ತಪ್ಪಾಗಿಲ್ಲ. ನಿಮ್ಮಣ್ಣನ ವಿಷಯ ಓದಿದೆ ಅಕ್ಕ.’

ಮಾರನೆಯ ದಿನ ಪಟ್ಟಿಯಲ್ಲಿ ಅಣ್ಣನ ಹೆಸರಿರಲಿಲ್ಲ. ಆ ಜಾಗದಲ್ಲಿ ‘ಗೂಬೆಯ ತಂಗಿ’ ಎಂದಿತ್ತು. ಕೇಳದೆ ಸೇರಿಸಿದ್ದಕ್ಕೆ ಬೈಯಬೇಕು ಅಂದುಕೊಂಡೆ, ಬೈಯಲಿಲ್ಲ. ಎಂಬತ್ತೆಂಟನ್ನು ಕಪಾಟಿನ ಬಾಗಿಲಿಗೆ ಅಂಟಿಸಿದೆ. ಅವನ ಎಂಬತ್ತೇಳು ನನ್ನ ಹೊಲಿಗೆ ಯಂತ್ರದ ಡ್ರಾಯರಿನಲ್ಲಿದೆ.

ಹೊಸದಾಗಿ ಸೇರಿದವರಿಗೂ ಹಾಜರಿ ಪತ್ರ ಬರುತ್ತದೆ. ನನಗೂ ಬಂತು. ‘ಇದ್ದೀರಾ?’

ಅಣ್ಣನ ಪರವಾಗಿ ಹೇಳುವಾಗ ಅರ್ಧ ನಿಮಿಷವೂ ಹಿಡಿದಿರಲಿಲ್ಲ. ನನ್ನದಕ್ಕೆ ಇವತ್ತಿಗೆ ಹದಿನೆಂಟು ದಿನವಾಯಿತು. ದಿನಾ ಬೆಳಿಗ್ಗೆ ಪತ್ರ ತೆಗೆದು ನೋಡುತ್ತೇನೆ, ಆಮೇಲೆ ಹೊಲಿಯಲು ಕೂರುತ್ತೇನೆ. ಇನ್ನೂ ಮೂರು ದಿನ ಇದೆ.