ಪಟ್ಟಿ ಕಟ್ಟುವ ಕೋಣೆಯಲ್ಲಿ ಇಪ್ಪತ್ತೆರಡು ನಿಮಿಷ

೧

ಎಲ್ಲಿಂದ ಶುರು ಮಾಡಲಿ? ಬಾಕ್ಸಿಂಗ್ ಕಥೆ ಎಂದಮೇಲೆ ಬೆಲ್ಲು ಹೊಡೆಯಲೇಬೇಕು ಅನ್ನುತ್ತಾರೆ. ನಾನೂ ಹೊಡೆಸಿದೆ: ‘ಏಳನೇ ರೌಂಡಿನ ಬೆಲ್ಲು ಹೊಡೆಯಿತು. ಉದ್ದನೆಯವನ ಬಲಗೈ ಬಂತು. ಅಳಿಯ ಬಿದ್ದ.’

ಮೂರೇ ವಾಕ್ಯಕ್ಕೆ ಕಥೆ ಮುಗಿದುಹೋಯಿತು. ಹಾಳೆಯಲ್ಲಿ ಇನ್ನೂ ಅಷ್ಟೊಂದು ಜಾಗ. (ಹಾಳೆಯನ್ನು ಹರಿದೆಸೆಯಲಿಲ್ಲ. ನಮ್ಮ ಕಾಲದವರು ಹರಿಯುವುದಿಲ್ಲ, ತಿರುಗಿಸಿ ಹಿಂದುಗಡೆ ಬರೆಯುತ್ತೇವೆ.)

೧, ಇನ್ನೊಂದು ಸಲ

ಹಾಗಾದರೆ ಹೋಲಿಕೆಯಿಂದ ಶುರು ಮಾಡೋಣ. ಹೆವಿವೇಟ್ ಪಟ್ಟದ ಪಂದ್ಯ ಮುಗಿದು ಮೂರು ದಿನವಾದರೂ ಜನ ಇನ್ನೂ ಆ ಇಬ್ಬರನ್ನು ತೂಗಿ ಮುಗಿಸಿಲ್ಲ. ಕ್ಷೌರದ ಅಂಗಡಿಯಲ್ಲಿ ಅದೇ ಮಾತು, ಬಸ್ಸಿನಲ್ಲಿ ಅದೇ ಮಾತು. ಹಲ್ಲಿನ ಡಾಕ್ಟರು ಬಾಯಿಗೆ ಹತ್ತಿ ತುರುಕಿ “ನೀವೇನಂತೀರಿ?” ಎಂದು ಕೇಳುತ್ತಾರೆ.

ಅಳಿಯ: ಮೂವತ್ತಮೂರು ಪಂದ್ಯ. ಮೂವತ್ತೆರಡು ಗೆಲುವು, ಒಂದು ಸಮ. ಇಪ್ಪತ್ತಾರು ನಾಕೌಟು. ಪಟ್ಟ ಅವನದೇ, ಅಲ್ಲಿಯವರೆಗೆ ಒಂದು ಸಲವೂ ನೆಲ ಕಂಡವನಲ್ಲ. ಬಗ್ಗಿ ಒಳಗೆ ನುಗ್ಗುತ್ತಾನೆ, ಎದುರಾಳಿಯ ಎದೆಗೆ ತಲೆ ಆನಿಸುತ್ತಾನೆ, ಪಕ್ಕೆಲುಬು ಎಣಿಸುವವನ ಹಾಗೆ ಒಂದೊಂದಾಗಿ ಹೊಡೆಯುತ್ತಾನೆ. ಎರಡು ತಿಂದು ಮೂರು ಕೊಡುವ ವ್ಯವಹಾರ.

ಉದ್ದನೆಯವನು: ಇಪ್ಪತ್ತೊಂಬತ್ತು ಪಂದ್ಯ. ಇಪ್ಪತ್ತೈದು ಗೆಲುವು, ನಾಲ್ಕು ಸೋಲು. ನಾಕೌಟು ಎಂಟೇ ಎಂಟು, ಎಂಟೂ ಎಡಗೈಯವು. ದೂರ ನಿಂತು ಎಡಗೈಯಿಂದ ಬಾಗಿಲು ಬಡಿದ ಹಾಗೆ ಬಡಿಯುತ್ತಾ, ಕಾಲು ನಿಲ್ಲಿಸದೆ ಸುತ್ತುತ್ತಾ, ಅಂಕದ ಮೇಲೆ ಗೆಲ್ಲುವ ಜಾತಿ. ಬಲಗೈ ಇಲ್ಲವೆಂದಲ್ಲ. ಗಾಜಿನ ಕಪಾಟಿನಲ್ಲಿಟ್ಟ ಪಿಂಗಾಣಿ ತಟ್ಟೆಯ ಹಾಗೆ ಇದೆ. ಅದರಲ್ಲಿ ಯಾರೂ ಉಂಡಿಲ್ಲ.

ಆರು ರೌಂಡಿನವರೆಗೆ ಮೂವರು ತೀರ್ಪುಗಾರರ ಚೀಟಿಯಲ್ಲೂ ಅಳಿಯನೇ ಮುಂದಿದ್ದ. ಏಳನೆಯದರಲ್ಲಿ ಆ ಕಪಾಟಿನ ಬಲಗೈ ಹೊರಗೆ ಬಂತು, ಒಂದೇ ಒಂದು ಸಲ. ಅಳಿಯನನ್ನು ಎಬ್ಬಿಸಲು ನಾಲ್ಕು ಜನ ಬೇಕಾಯಿತು.

ನಿಮಗೀಗ ಅನುಮಾನ ಬಂದಿರಬೇಕು. ಬರಲಿ. ನನಗೂ ಬಂದಿದೆ.

೨

ಈ ಕಥೆಯಲ್ಲಿ ಒಬ್ಬ ಮಾವ ಇದ್ದಾನೆ, ಅಳಿಯನ ತಾಯಿಯ ತಮ್ಮ. ನಲವತ್ತು ವರ್ಷದಿಂದ ಅವನದು ಒಂದೇ ಕೆಲಸ: ಬಾಕ್ಸರುಗಳು ಗ್ಲೌಸು ಹಾಕುವ ಮುಂಚೆ ಕೈಗೆ ಪಟ್ಟಿ ಕಟ್ಟುವುದು. (ಅವನು ನಾನಲ್ಲ. ಹೌದು ಎಂದು ನಿಮಗೆ ಅನ್ನಿಸಿದರೆ ಅನ್ನಿಸಿಕೊಳ್ಳಿ, ನಾನು ಅಡ್ಡ ಬರುವುದಿಲ್ಲ.)

ಆ ಕಸುಬಿನಲ್ಲಿ ಒಂದು ನಿಯಮವಿದೆ. ಒಬ್ಬ ಬಾಕ್ಸರಿನ ಕೈಗೆ ಪಟ್ಟಿ ಕಟ್ಟುವಾಗ ಎದುರು ಪಕ್ಷದವನೊಬ್ಬ ಹೋಗಿ ಪಕ್ಕದಲ್ಲಿ ಕೂರಬೇಕು. ಒಳಗೆ ಏನಾದರೂ ಗಟ್ಟಿ ವಸ್ತು ಸೇರಿಸುತ್ತಾರೋ ಎಂದು ರೆಪ್ಪೆ ಹೊಡೆಯದೆ ನೋಡಬೇಕು. ಕೈ ಮುಟ್ಟುವ ಹಾಗಿಲ್ಲ. ಎಲ್ಲ ಸರಿಯಿದ್ದರೆ ಕೊನೆಗೆ ಟೇಪಿನ ಮೇಲೆ ಪೆನ್ನಿನಿಂದ ತನ್ನ ಸಹಿ ಹಾಕಬೇಕು. ಕಳ್ಳನನ್ನು ಕಾಯಲು ಇನ್ನೊಬ್ಬ ಕಳ್ಳನನ್ನು ಕೂರಿಸುವ ಏರ್ಪಾಡು ಅನ್ನಿ. ಎರಡೂ ಕಡೆಯವರಿಗೆ ಸಮಾನ ಅವಮಾನ, ಆದ್ದರಿಂದ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಪಂದ್ಯದ ದಿನ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಮಾವ ಉದ್ದನೆಯವನ ಕೋಣೆಯ ಬಾಗಿಲು ತಳ್ಳಿದ. ನಾಲ್ಕು ಮೂವತ್ತೆರಡಕ್ಕೆ ಟೇಪಿನ ಮೇಲೆ ಸಹಿ ಹಾಕಿ ಹೊರಗೆ ಬಂದ.

ಮುಂದೆ ಹೋಗೋಣ.

೪

ಬಾಕ್ಸಿಂಗ್ ಹಾಲಿನ ಹಿಂದಿನ ಕೋಣೆ. ಪಂದ್ಯವಾಗಿ ಮೂರನೇ ದಿನ, ಮಧ್ಯಾಹ್ನ ಮೂರೂವರೆ. ತಾಲೀಮಿನ ಬಟ್ಟೆಪಟ್ಟಿಗಳು ಹಗ್ಗದ ಮೇಲೆ ಒಣಗಿ ಬಿರುಸಾಗಿವೆ. ಮಾವ ಒಂದೊಂದನ್ನೇ ತೊಡೆಯ ಮೇಲೆ ಹಾಸಿಕೊಂಡು ಸುರುಳಿ ಸುತ್ತುತ್ತಿದ್ದಾನೆ. ಅಳಿಯ ಬಂದು ಎದುರಿನ ಸ್ಟೂಲಿನ ಮೇಲೆ ಕೂತ. ಎಡಗಣ್ಣು ಪೂರ್ತಿ ಮುಚ್ಚಿದೆ. ದವಡೆ ಊದಿ, ಮಾತೆಲ್ಲ ಬಾಯಿಯ ಒಂದೇ ಪಕ್ಕದಿಂದ ಬರುತ್ತಿದೆ.

“ಮಾವ, ಐದು ಗಂಟೆಗೆ ಬಾಕ್ಸಿಂಗ್ ಮಂಡಳಿ ಆಫೀಸು ಮುಚ್ಚತ್ತೆ. ದೂರು ಕೊಡೋಕೆ ಇವತ್ತೇ ಕೊನೆ. ಇಲ್ಲೊಂದು ಸೈನ್ ಹಾಕು.”

“ಏನಂತ ಬರ್ದಿದೆ?”

“ಅವನ ಬಲಗೈ ಪಟ್ಟಿಯೊಳಗೆ ಏನೋ ಇತ್ತು ಅಂತ. ಬೆವರಿಗೆ ಕಲ್ಲಾಗೋ ಪ್ಲಾಸ್ಟರ್ ಪುಡಿಯೋ ಗಿಡಿಯೋ. ಪಂದ್ಯ ಮುಗಿದ ತಕ್ಷಣ ಪಟ್ಟಿ ಕತ್ತರಿಸಿ ಕಸಕ್ಕೆ ಎಸೆದಿದಾರೆ, ಈಗ ಸಾಕ್ಷಿ ಅಂತ ಇರೋದು ನೀನೊಬ್ಬನೇ. ‘ನಂಗೆ ಸರಿಯಾಗಿ ನೋಡೋಕೆ ಬಿಡ್ಲಿಲ್ಲ’ ಅಂದ್ಬಿಡು, ಸಾಕು. ಪಟ್ಟ ವಾಪಸ್ ಬರತ್ತೆ.”

“ಅವರ ಗತಿ?”

“ಉದ್ದನೆಯವನಿಗೂ ಅವನಿಗೆ ಪಟ್ಟಿ ಕಟ್ಟೋ ಆ ಕನ್ನಡಕದ ಮುದುಕನಿಗೂ ಜೀವನಪೂರ್ತಿ ನಿಷೇಧ. ಮಾಡಿದ್ದುಣ್ಲಿ.”

“ನೋಡೋಕೆ ಬಿಟ್ರಲ್ಲ,” ಎಂದ ಮಾವ, ಸುರುಳಿಯಿಂದ ಕಣ್ಣೆತ್ತದೆ. “ನೋಡ್ದೆನಲ್ಲ.”

“ಏನ್ ನೋಡ್ದೆ?”

“ಪಟ್ಟಿ ಕಟ್ಟೋದು ನೋಡ್ದೆ.”

“ಅಯ್ಯೋ ದೇವರೇ! ಅಮ್ಮ ಸರಿಯಾಗೇ ಹೇಳ್ತಾಳೆ. ನಿನ್ ಮಾವ ಸುಳ್ಳು ಹೇಳಲ್ಲ, ಆದ್ರೆ ಬಾಯಿಗೆ ಕೈ ಹಾಕಿ ತೆಗೀದೇ ಇದ್ರೆ ನಿಜಾನೂ ಹೇಳಲ್ಲ ಅಂತ.” ಅಳಿಯ ಸ್ಟೂಲನ್ನು ಹತ್ತಿರ ಎಳೆದುಕೊಂಡ. “ಕೇಳು. ಆ ಮುದುಕ ಎರಡು ಕೈಗೂ ಸೇರಿ ಬರೀ ಹನ್ನೆರಡು ನಿಮಿಷ ತಗೋತಾನೆ, ಹಾಲಲ್ಲಿ ಎಲ್ರಿಗೂ ಗೊತ್ತು, ನಗ್ತಾರೆ ಅದಕ್ಕೆ. ನೀನು ಒಳಗಿದ್ದಿದ್ದು ಇಪ್ಪತ್ತೆರಡು. ಮಿಕ್ಕ ಹತ್ತು ನಿಮಿಷ ಅಲ್ಲಿ ಏನ್ ನಡೀತಿತ್ತು?”

ಮಾವ ಸುತ್ತಿದ ಸುರುಳಿಯನ್ನು ಬಿಚ್ಚಿ ಮತ್ತೆ ಮೊದಲಿನಿಂದ ಸುತ್ತತೊಡಗಿದ.

“ಎಂಟು ನಾಕೌಟು ಮಾವ. ಎಂಟೂ ಎಡಗೈ. ಒಂಬತ್ತನೇದು ಬಲಗೈಲಿ, ಅದೂ ನಂಗೇ! ನಾನೇನು ಮೂರ್ಖನಾ?” ಎಂದವನು ಸರಕ್ಕನೆ ನನ್ನ ಕಡೆ ತಿರುಗಿದ. “ಮತ್ತೆ ನೀವು, ಕಥೆ ಬರೆಯೋರೇ. ಎರಡಾದ್ಮೇಲೆ ನಾಲ್ಕಾ? ಮೂರನ್ನ ಎಲ್ಲಿ ನುಂಗಿದ್ರಿ?”

ನಾನು ಸಿಕ್ಕಿಬಿದ್ದೆ. ಓದಿದ್ದು ನಾಲ್ಕನೇ ಕ್ಲಾಸಪ್ಪ, ಎಣಿಕೆ ತಪ್ಪುತ್ತೆ ಎಂದೆ.

“ನಾಲ್ಕಕ್ಕೆ ಹೋಗೋಕೆ ಮೂರನೇ ಕ್ಲಾಸ್ ದಾಟ್ಲೇಬೇಕಲ್ವಾ?”

ಅಳಿಯ ನೀರು ಕುಡಿಯಲು ಎದ್ದಾಗ ಮಾವ ನನ್ನ ಕಿವಿಯ ಹತ್ತಿರ ಬಗ್ಗಿದ. “ಮೂರನ್ನ ಬಿಟ್ಬಿಡಿ. ಓದೋರಿಗೆ ಏನು ಹೋಗತ್ತೆ?”

“ಓದೋರಿಗೆ ಏನೂ ಹೋಗಲ್ಲ. ಕನ್ನಡಕದವರ ಮಾನ ಹೋಗತ್ತಲ್ಲ.”

ಮಾವ ಇನ್ನೊಂದು ಪಟ್ಟಿಯನ್ನು ಹಗ್ಗದಿಂದ ಎಳೆದುಕೊಂಡ. ಅದನ್ನೇ ಒಪ್ಪಿಗೆ ಎಂದುಕೊಂಡೆ. (ಒಪ್ಪಿಗೆಯಾಗಿರಲಿಕ್ಕಿಲ್ಲ.)

೩

ಮೊದಲ ಡ್ರಾಫ್ಟು: ‘ಕನ್ನಡಕದವನು ಆಚೀಚೆ ನೋಡಿ, ಜೇಬಿನಿಂದ ಒಂದು ಬಿಳಿ ಪೊಟ್ಟಣ ತೆಗೆದ...’

ಇಷ್ಟು ಬರೆಯುವಷ್ಟರಲ್ಲಿ ಕನ್ನಡಕದವನೇ ಹಾಳೆಯಿಂದ ಎದ್ದು ಬಂದ. “ಯಾವ ಪೊಟ್ಟಣ ಸ್ವಾಮಿ? ನಂಗೆ ಟೇಪಿನ ತುದಿ ಎಲ್ಲಿದೆ ಅಂತ ಕಾಣಲ್ಲ, ಉಗುರಲ್ಲಿ ತಡಕಾಡ್ತೀನಿ. ಇನ್ನು ಮೋಸ ಮಾಡೋಕೆ ಕಣ್ಣು ಎಲ್ಲಿಂದ ತರ್ಲಿ?”

ಅವನು ಹೇಳಿದ್ದು ಸರಿ. ಹೊಡೆದುಹಾಕಿದೆ. ನಡೆದದ್ದನ್ನೇ ಬರೆಯುತ್ತೇನೆ.

ಮಂಡಳಿಯ ಮೇಲ್ವಿಚಾರಕ ಬಾಗಿಲಲ್ಲಿ ಬೆನ್ನು ಹಾಕಿ ನಿಂತು ಫೋನಿನಲ್ಲಿ ಯಾರಿಗೋ ಟಿಕೆಟ್ ಇಲ್ಲವೆಂದು ಹೇಳುತ್ತಿದ್ದ. ಉದ್ದನೆಯವನು ಕುರ್ಚಿಯನ್ನು ತಿರುಗಿಸಿ ಕೂತು, ಅದರ ಬೆನ್ನಿನ ಮೇಲೆ ಕೈ ಚಾಚಿದ್ದ. ಕನ್ನಡಕದವನು ಎಡಗೈ ಮುಗಿಸಿದ, ಪರವಾಗಿಲ್ಲ ಅನ್ನುವ ಹಾಗೆ. ಬಲಗೈ ಶುರು ಮಾಡಿದ. ಬೆರಳುಗಳನ್ನು ಅಗಲಿಸದೆ, ಜೋಡಿಸಿಟ್ಟೇ ಸುತ್ತತೊಡಗಿದ. ಹಾಗೆ ಕಟ್ಟಿದರೆ ಮುಷ್ಟಿ ಹಿಡಿದಾಗ ಪಟ್ಟಿ ಬಿಗಿದು ಮೇಲಕ್ಕೆ ಜಾರುತ್ತದೆ. ಗೆಣ್ಣಿನ ಮೇಲೆ ಕೂರಬೇಕಾದ ಮೆತ್ತೆ ಬೆರಳಿಗೆ ಹೋಗಿ ಕೂರುತ್ತದೆ. ಉಂಗುರದ ಬೆರಳಿನ ಗೆಣ್ಣು ಬೆತ್ತಲೆ.

ಆ ಬೆರಳಿನ ಹಿಂದೆ, ಅಂಗೈಯ ಹಿಂಭಾಗದಲ್ಲಿ, ಕೋಟಿನ ಗುಂಡಿಯಷ್ಟು ಗಂಟು. ಮುರಿದು, ಕೂಡಿ, ಮತ್ತೆ ಮುರಿದು ಕೂಡಿದ ಮೂಳೆ. ಮಾವ ಅದನ್ನು ನೋಡಿದ. ನಾಲ್ಕು ಸೋಲು, ಎಂಟೇ ನಾಕೌಟು, ಕಪಾಟಿನಲ್ಲಿಟ್ಟ ಬಲಗೈ ಎಲ್ಲವೂ ಅವನಿಗೆ ಆ ಒಂದು ಗಂಟಿನಲ್ಲೇ ಓದಲು ಸಿಕ್ಕಿತು. ಇವನಿಗೆ ಬಲಗೈ ಇಲ್ಲದೆ ಇಲ್ಲ. ಹೊಡೆದರೆ ಪ್ರಾಣ ಹೋಗುವಷ್ಟು ನೋಯುತ್ತದೆ, ಅಷ್ಟೇ.

ಸುಮ್ಮನೆ ಕೂತು ಸಹಿ ಹಾಕಿ ಬಂದಿದ್ದರೆ ಆಗುತ್ತಿತ್ತು. ಅದು ನಿಯಮವೂ ಹೌದು, ಅಳಿಯನಿಗೆ ಲಾಭವೂ ಹೌದು. ಇದೆಲ್ಲ ಮಾವನಿಗೆ ಚೆನ್ನಾಗಿ ಗೊತ್ತಿತ್ತು ಎಂಬುದನ್ನು ದಯವಿಟ್ಟು ಬರೆದುಕೊಳ್ಳಿ. ಗೊತ್ತಿಲ್ಲದೆ ಮಾಡಿದ ಎಂದು ಬರೆದು ನಾನು ಅವನನ್ನು ಉಳಿಸಲಾರೆ. ಆದರೆ ತಪ್ಪಾಗಿ ಕಟ್ಟಿದ ಕೈಯನ್ನು ಕಣ್ಣೆದುರಿಗೆ ಇಟ್ಟುಕೊಂಡು ಸುಮ್ಮನಿರುವುದನ್ನು ಆ ಮನುಷ್ಯ ನಲವತ್ತು ವರ್ಷದಲ್ಲಿ ಕಲಿತಿರಲಿಲ್ಲ.

“ಬಿಚ್ಚಿ ಅದನ್ನ,” ಎಂದ.

“ಏನು?” ಎಂದ ಕನ್ನಡಕದವನು.

“ಬಿಚ್ಚಿ ಅಂದೆ. ಇಲ್ಲಿ ಕೊಡಿ. ಬೆರಳು ಅಗಲಿಸಪ್ಪ. ಇನ್ನೂ. ಈಗ ಮುಷ್ಟಿ ಹಿಡಿ. ಬಿಡು. ನೋವಾಗತ್ತಾ?”

“ಇಲ್ಲ.”

“ಇಲ್ಲಿ?”

“ಇಲ್ಲ.”

ಹತ್ತು ನಿಮಿಷ. ಕನ್ನಡಕದವನು ಬೇಜಾರು ಮಾಡಿಕೊಳ್ಳಲಿಲ್ಲ. ಕಲಿಯುವವನ ಹಾಗೆ ಮೂಗು ಹತ್ತಿರ ತಂದು ನೋಡಿದ. ಉದ್ದನೆಯವನು ಬಲಮುಷ್ಟಿಯಿಂದ ತನ್ನ ಎಡ ಅಂಗೈಗೆ ಒಮ್ಮೆ ಮೆಲ್ಲಗೆ ಗುದ್ದಿಕೊಂಡ. ಮತ್ತೊಮ್ಮೆ ಜೋರಾಗಿ. ಆಮೇಲೆ ಮಾವನ ಮುಖ ನೋಡಿ, “ಇಷ್ಟು ವರ್ಷ ನೋಯೋದೇ ಸರಿ ಅನ್ಕೊಂಡಿದ್ದೆ,” ಎಂದ.

ಮಾವ ತಾನೇ ಕಟ್ಟಿದ ಪಟ್ಟಿಯ ಮೇಲೆ, ‘ಎದುರು ಪಕ್ಷದವನು ಪರೀಕ್ಷಿಸಿದ್ದು’ ಎಂದು, ತಾನೇ ಸಹಿ ಹಾಕಿದ. ಪುಡಿಯಿಲ್ಲ, ಗಟ್ಟಿಯಿಲ್ಲ. ಬಟ್ಟೆ, ಟೇಪು, ಇವನ ಕೈಗುಣ.

ತನ್ನ ಕಡೆಯ ಕೋಣೆಗೆ ವಾಪಸು ಬಂದಾಗ ಕೋಚು ಅಳಿಯನಿಗೆ ಕೊನೆಯ ಪಾಠ ಹೇಳುತ್ತಿದ್ದ: “ಅವನ ಬಲಗೈಗೆ ತಲೆ ಕೆಡಿಸ್ಕೋಬೇಡ, ಅದ್ರಲ್ಲಿ ಏನೂ ಇಲ್ಲ. ತಿಂದ್ಕೊಂಡೇ ಒಳಗೆ ನುಗ್ಗು.” ಮಾವ ಬಾಯಿ ತೆರೆದ. ‘ಇವತ್ತು ಇದೆ’ ಎಂದರೆ ‘ನಿಂಗೆ ಹೇಗೆ ಗೊತ್ತು’ ಎಂಬ ಪ್ರಶ್ನೆ ಬರುತ್ತಿತ್ತು. ಅಷ್ಟರಲ್ಲಿ ಅಳಿಯ ಎರಡೂ ಕೈ ಮುಂದೆ ಚಾಚಿದ. ಮಾವ ಬಾಯಿ ಮುಚ್ಚಿ, ಸ್ಟೂಲು ಎಳೆದುಕೊಂಡು ಕೂತ.

೫

ಈಗ ಕೊನೆ. ಮೂರು ಮಾಡಿಟ್ಟಿದ್ದೇನೆ, ಬೇಕಾದ್ದನ್ನು ಆರಿಸಿಕೊಳ್ಳಿ ಅನ್ನುವವನಿದ್ದೆ.

ಮೊದಲನೆಯ ಕೊನೆಯಲ್ಲಿ ಮಾವ ದೂರಿಗೆ ಸಹಿ ಹಾಕುತ್ತಾನೆ. ಪಟ್ಟ ವಾಪಸು ಬರುತ್ತದೆ, ಅಳಿಯನ ರೆಕಾರ್ಡಿನಿಂದ ಸೋಲು ಅಳಿಸಿಹೋಗುತ್ತದೆ, ಕನ್ನಡಕದವನು ಊರಿನವರಿಗೆ ಮುಖ ತೋರಿಸದೆ ಬದುಕುತ್ತಾನೆ. ಚೆನ್ನಾಗಿ ದುಂಡಗೆ ಬರೆದಿದ್ದೆ. ಮಾವ ಬಂದು ಒದ್ದೆ ಹೆಬ್ಬೆರಳಿನಿಂದ ತಿಕ್ಕಿ ಹಾಳುಮಾಡಿದ.

ಎರಡನೆಯದರಲ್ಲಿ “ನೋಡಿದೆ, ಒಳಗೆ ಏನೂ ಇರಲಿಲ್ಲ,” ಎಂದಷ್ಟೇ ಹೇಳುತ್ತಾನೆ. ಅದು ನಿಜವೇ. ಅಳಿಯ ತನಗೇ ವಯಸ್ಸಾಯಿತು, ಕಾಲು ನಿಧಾನವಾಯಿತು ಎಂದು ನಂಬಿ ಗ್ಲೌಸು ಬಿಚ್ಚಿಡುತ್ತಾನೆ. ಈ ಕೊನೆಯಲ್ಲಿ ಯಾರೂ ಯಾರನ್ನೂ ಬೈಯುವುದಿಲ್ಲ. ಅದಕ್ಕೇ ನನಗೆ ಅದರ ಮೇಲೆ ನಂಬಿಕೆ ಬರಲಿಲ್ಲ.

ಮೂರನೆಯದನ್ನು ಬರೆಯುವ ಕಷ್ಟ ತಪ್ಪಿತು. ನಾನು ಪೆನ್ನಿನ ರೀಫಿಲ್ ಬದಲಿಸುತ್ತಿದ್ದಾಗ ಅಳಿಯ ನೀರು ಕುಡಿದು ಬಂದು, ಮೇಜಿನ ಮೇಲಿದ್ದ ಮೂರನೇ ಭಾಗವನ್ನು ಎತ್ತಿಕೊಂಡುಬಿಟ್ಟಿದ್ದ. ಸಾಲಿನ ಕೆಳಗೆ ಬೆರಳಿಟ್ಟು ಒಂದೇ ಕಣ್ಣಿನಿಂದ ಓದುತ್ತಿದ್ದ. ಮಾವ ತಡೆಯಲಿಲ್ಲ. ನಾನೂ ತಡೆಯಲಿಲ್ಲ. ಒಂದು ಪುಟವನ್ನು ಎರಡು ಸಲ ಓದಿದ. ಯಾವ ಪುಟವೆಂದು ನಿಮಗೆ ಗೊತ್ತು.

ಕಿರುಚುತ್ತಾನೆ, ಸ್ಟೂಲು ಒದೆಯುತ್ತಾನೆ ಎಂದು ನಾನು ಹಾಳೆಗಳನ್ನೆಲ್ಲ ಒಟ್ಟುಮಾಡಿ ಎದೆಗವಚಿಕೊಂಡು ಕೂತಿದ್ದೆ. ಅವನು ದೂರಿನ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟ. ಹರಿಯಲಿಲ್ಲ, ಗಮನಿಸಿ. ಇಟ್ಟುಕೊಂಡ.

“ಏಟು ಅವನದೇ,” ಎಂದ.

“ಅವನದೇ,” ಎಂದ ಮಾವ.

“ಕೈ ಕಟ್ಟಿದ್ದು ನೀನು.”

“ಹೂಂ.”

“ಕೋಚ್ ಹಂಗೆ ಹೇಳ್ತಿದ್ದಾಗ ನೀನು ಅಲ್ಲೇ ಇದ್ದೆ.”

“ಇದ್ದೆ.”

ಅಳಿಯ ತನ್ನ ಬಲಗೈಯನ್ನು, ಬೆರಳು ಅಗಲಿಸಿ, ಮಾವನ ಮಂಡಿಯ ಮೇಲೆ ಇಟ್ಟ. ಗೆಣ್ಣುಗಳ ಮೇಲೆ ಚರ್ಮ ಸುಲಿದು ಹಸಿಯಾಗಿತ್ತು.

“ಅವನ ಕೈ ಕಟ್ಟಿ ಮುಗಿಸಿ ಬಂದು, ಅದಾದ್ಮೇಲೆ ನಂದು ಕಟ್ಟಿದ್ಯಲ್ಲ ಮಾವ. ನಂದೂ ಅಷ್ಟೇ ಚೆನ್ನಾಗಿ ಕಟ್ಟಿದ್ಯಾ?”

ಮಾವ ನನ್ನ ಕಡೆ ನೋಡಿದ.

ನನ್ನನ್ನು ಯಾಕೆ ನೋಡುತ್ತಾನೆ? ಅಳಿಯನ ಕೈ ಕಟ್ಟಿದ ಕೋಣೆಯಲ್ಲಿ ನಾನಿರಲಿಲ್ಲ, ಅವನು ನಾನಲ್ಲ ಎಂದು ಮೊದಲೇ ಹೇಳಿದ್ದೇನೆ. ಉದ್ದನೆಯವನಿಗೆ ಎಷ್ಟು ನಿಮಿಷ ಹಿಡಿಯಿತೆಂದು ಬರೆದಿದ್ದೇನೆ, ಅಳಿಯನಿಗೆ ಆ ದಿನ ಎಷ್ಟು ಹಿಡಿಯಿತೆಂದು ಎಲ್ಲೂ ಬರೆದಿಲ್ಲ. ಬೇಕಾದರೆ ಹಿಂದೆ ಹೋಗಿ ಹುಡುಕಿ. ನಾನೂ ಹುಡುಕಿದೆ. ‘ಹೌದು’ ಎಂದು ಬರೆದು ನೋಡಿದೆ, ಅಕ್ಷರ ಸೊಟ್ಟಗೆ ಬಂತು. ‘ಇಲ್ಲ’ ಎಂದು ಬರೆದೆ. ಅದೂ ಸೊಟ್ಟಗೇ ಬಂತು. ‘ನೆನಪಿಲ್ಲ’ ಎಂದು ಬರೆಯಬಹುದು, ಆದರೆ ಈ ಮನುಷ್ಯನಿಗೆ ನಲವತ್ತು ವರ್ಷದ ಒಂದೊಂದು ಕೈಯೂ ನೆನಪಿದೆ ಎಂದು ಎಲ್ಲರಿಗೂ ಗೊತ್ತು. ನಾಲ್ಕೂಕಾಲು ಆಗಿದೆ. ಆಫೀಸು ಮುಚ್ಚಲು ಇನ್ನೂ ಮುಕ್ಕಾಲು ಗಂಟೆಯಿದೆ, ಕಾಗದ ಅಳಿಯನ ಜೇಬಿನಲ್ಲೇ ಇದೆ.

“ಅವರ ಮುಖ ಏನ್ ನೋಡ್ತೀಯ ಮಾವ?” ಎಂದ ಅಳಿಯ. “ನನ್ ಕೈ ನೋಡಿ ಹೇಳು.”