ಕೆಂಪು ದಾರದ ಗಂಡು ಗಿಡ

ಪರದೇಶದ ಚಳಿಯೂರು ಡನೀಡಿನ್‌ನ ಹೊರವಲಯದಲ್ಲಿ ಔಷಧಿಗೆಂದು ಲೈಸೆನ್ಸ್ ಪಡೆದು ಗಾಂಜಾ ಬೆಳೆಯುವ ತೋಟವೊಂದರಲ್ಲಿ ಹೊಸ ತಳಿ ಕಟ್ಟುವುದು ನನ್ನ ಕೆಲಸ. ಹಿಮಾಲಯದ ನಾಟಿ ತಳಿಗೆ ಪರಿಮಳ ಚೆನ್ನ, ಆದರೆ ಮಹಾ ಸೋಮಾರಿ. ಇಲ್ಲಿ ಅದರ ಹೂ ಬಲಿಯುವಷ್ಟರಲ್ಲಿ ಹಿಮ ಬೀಳುತ್ತದೆ. ಬೇಗ ಹೂ ಬಿಡುವ ಗಿಡಕ್ಕಾಗಿ ಮೂರು ವರ್ಷ ಕಾದೆ. ಈ ಬೇಸಿಗೆಯಲ್ಲಿ ಒಂದು ಗಂಡು ಗಿಡ ಉಳಿದವಕ್ಕಿಂತ ಹದಿನೆಂಟು ದಿನ ಮೊದಲೇ ಹೂ ಬಿಟ್ಟಿತು. ಗುರುತಿಗೆ ಕೆಂಪು ದಾರ ಕಟ್ಟಿದೆ.

ಸೋಮವಾರ ಬಂದು ನೋಡಿದರೆ ಅಲ್ಲಿ ಗುಣಿ ಮಾತ್ರ ಇತ್ತು.

"ನಾನ ಕಿತ್ತೀನ್ರಿ ಮೇಡಂ," ಎಂದರು ಹೋದ ವಾರವಷ್ಟೇ ಕೆಲಸಕ್ಕೆ ಸೇರಿದ್ದ ವಿಜಯಪುರದ ಸತ್ತಾರ್, ಹೆಮ್ಮೆಯಿಂದಲೇ. "ಹಿಂದಿನ ತೋಟದಾಗ ಕೆಂಪ್ ದಾರ ಕಟ್ಟಿದ್ರ ಕಿತ್ತ್ ಒಗೀಬೇಕಿತ್ರಿ. ಗಂಡು ಇದ್ರ ಹೆಣ್ಣ ಗಿಡ ಬೀಜ ಕಟ್ಟಿ ಮಾಲು ಕೆಡ್ತದ."

ನನಗೆ ಮೈಯೆಲ್ಲ ಉರಿಯಿತು. "ಬೀಜ ಕಟ್ಟಲಿ ಅಂತಾನೇ ಅಲ್ವಾ ನನಗೆ ಸಂಬಳ ಕೊಡೋದು? ಮೂರು ವರ್ಷ, ಸತ್ತಾರ್ ಅವರೇ."

ಅವರ ಮುಖ ಸಣ್ಣಗಾಯಿತು. ಶೆಡ್ಡಿಗೆ ಹೋಗಿ, ಬಾಯಿ ಬಿಗಿದ ಕಾಗದದ ಚೀಲವೊಂದನ್ನು ತಂದರು. "ಕೀಳೂಮುಂದ ಪುಡಿ ಹಾರಿ ಹೆಣ್ಣಿಗೆ ತಾಗಬಾರ್ದಂತ ಹೂವಿಗೆ ಚೀಲ ಕಟ್ಟಿದ್ನಿರಿ. ಒಗ್ಯಾಕ ಇನ್ನೂ ಟೈಮ್ ಸಿಕ್ಕಿಲ್ಲ."

ಬಿಚ್ಚಿದೆ. ತಳದಲ್ಲಿ ಒಂದು ಚಮಚದಷ್ಟು ಹಳದಿ ಪರಾಗ. ನಾನೇ ತೆಗೆದಿದ್ದರೂ ಇಷ್ಟು ಜೋಪಾನವಾಗಿ ತೆಗೆಯುತ್ತಿರಲಿಲ್ಲ.

ಅದನ್ನು ಸೀಸೆಗೆ ತುಂಬಿ ಫ್ರಿಜ್ಜಿನಲ್ಲಿಟ್ಟೆ. ಹೆಣ್ಣು ಹೂಗಳು ಅರಳಿದ ದಿನ ಇಬ್ಬರೂ ಕುಂಚ ಹಿಡಿದು ಸವರಿ ಮುಗಿಸಿದೆವು. ಆಮೇಲೆ ಉಳಿದಿದ್ದ ಕೆಂಪು ದಾರವನ್ನು ಸತ್ತಾರರ ಮಣಿಕಟ್ಟಿಗೆ ಕಟ್ಟಿದೆ.

"ನನ್ನೂ ಕಿತ್ತ್ ಒಗೀತೀರೇನ್ರಿ?"

"ಈ ತೋಟದಲ್ಲಿ ಕೆಂಪು ದಾರ ಕಟ್ಟೋದು ಇಟ್ಕೊಳ್ಳೋದಕ್ಕೆ," ಎಂದೆ.