ತೆರೇಸಾಬಾಯಿ ಮತ್ತು ಕೆನಡಾದ ಮೂಸ್

ಯಾರನ್ನಾದರೂ ಬೀಳ್ಕೊಡುವಾಗ ತೆರೇಸಾಬಾಯಿಯವರು ಮುಖ ನೋಡುತ್ತಿರಲಿಲ್ಲ. ಹೊರಟವರ ಕೈಯಲ್ಲಿದ್ದ ಮೊಬೈಲನ್ನು ನೋಡುತ್ತಿದ್ದರು. ಬಹರೈನಿನ ಅರಾದಿನಲ್ಲಿದ್ದ ತಮ್ಮ ಮನೆಯಿಂದ ಮೂಲೆಯ ತರಕಾರಿ ಅಂಗಡಿಗೆ ಹೋಗುವವರಿಗೂ ಮಂಗಳೂರಿನ ವಿಮಾನ ಹತ್ತುವವರಿಗೂ ಅವರದು ಒಂದೇ ಮಾತು: "ಮುಟ್ಟಿದ ಕೂಡ್ಲೆ ಒಂದು ಮಿಸ್ ಕಾಲ್ ಕೊಡಿ." ಕೊಡದವರಿಗೆ ತಾವೇ ಫೋನು ಮಾಡಿ, ಕ್ಷೇಮವೆಂದು ತಿಳಿದ ಮೇಲೆ ಬೈಯುತ್ತಿದ್ದರು.

ಸಲ್ಮಾನಿಯಾದ ಆಸ್ಪತ್ರೆಯ ವಾರ್ಡುಗಳಲ್ಲಿ ತಾರುಣ್ಯವನ್ನೆಲ್ಲ ಸವೆಸಿದ ನರ್ಸ್ ಅವರು. ಹಿಮ್ಮಡಿ ಊರದೆ, ಮಲಗಿದವರು ಎದ್ದಾರೆಂಬಂತೆ ನಡೆಯುವ ನಡಿಗೆಯನ್ನು ಮನೆಯಲ್ಲೂ ಬಿಟ್ಟಿರಲಿಲ್ಲ. ಹೊರಗೆ ಮುಖ ಸುಡುವ ಬಿಸಿಲಿದ್ದರೂ, ಏಸಿ ವಾರ್ಡಿಗೆಂದು ತೊಟ್ಟ ಕಡುನೀಲಿ ಸ್ವೆಟರ್ ಮೈಮೇಲೆಯೇ ಇರುತ್ತಿತ್ತು. ನರಳುವ ರೋಗಿಗೆ ಅವರು ಅಷ್ಟಾಗಿ ಹೆದರುತ್ತಿರಲಿಲ್ಲ. ಸುಮ್ಮನಾದವನ ಹಾಸಿಗೆಯ ಕಡೆಗೇ ಮೊದಲು ಓಡುತ್ತಿದ್ದರು. ಅವರ ಗಂಡ ತೀರಿಕೊಂಡದ್ದೂ ಹಾಗೆಯೇ, ನಿದ್ದೆಯಲ್ಲಿ, ಸದ್ದಿಲ್ಲದೆ.

ಒಬ್ಬಳೇ ಮಗಳು ಸೋನಲ್, ಅವಳೂ ನರ್ಸ್. ೨೦೧೨ರಲ್ಲಿ ಅವಳಿಗೆ ಕೆನಡಾದ ಉತ್ತರದ ಸಣ್ಣ ಪಟ್ಟಣವೊಂದರಲ್ಲಿ ಕೆಲಸ ಸಿಕ್ಕಿತು. "ನೀವು ಹೂಂ ಅಂದ್ರೆ ಮಾತ್ರ ಹೋಗ್ತೇನೆ," ಅಂದಳು. ತಾಯಿ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಆ ಊರು ಎಂಥದೆಂದು ಕಂಪ್ಯೂಟರಿನಲ್ಲಿ ಹುಡುಕತೊಡಗಿದರು. ಆಗ ಕಣ್ಣಿಗೆ ಬಿದ್ದದ್ದು ಮೂಸ್: ಕಡವೆಯ ಕುಲದ, ಕುದುರೆಗಿಂತ ಎತ್ತರದ ಕಾಡುಪ್ರಾಣಿ. ತಾಯಿಯಿಂದ ಆಗಷ್ಟೇ ಬೇರೆಯಾದ ಎಳೆಯ ಗಂಡೊಂದರ ಕೊರಳಿಗೆ ಅಲ್ಲಿನ ಅರಣ್ಯದವರು ಜಾಡು ತಿಳಿಸುವ ಪಟ್ಟಿ ಕಟ್ಟಿದ್ದರು. ಅದು ಹೋದಲ್ಲೆಲ್ಲ ಅಂತರಜಾಲದ ನಕ್ಷೆಯ ಮೇಲೆ ಕೆಂಪು ಚುಕ್ಕೆಯೊಂದು ಮೂಡುತ್ತಿತ್ತು.

"ಬುದ್ಧಿಯಿರುವ ಪ್ರಾಣಿ. ಮಿಸ್ ಕಾಲ್ ಕೊಡ್ತದೆ ನೋಡು," ಎಂದರು. ಹೊಸ ಕರು ಹುಟ್ಟುವ ಹೊತ್ತಿಗೆ ತಾಯಿಯೇ ಹಳೆಯದನ್ನು ಅಟ್ಟುತ್ತದೆಂದು ಓದಿದಾಗ ಮಾತ್ರ ಸಿಡುಕಿದರು: "ಎಂಥ ತಾಯಿ ಮಾರಾಯ್ತಿ ಅದು!"

ಡ್ಯೂಟಿಗೆ ಹೊರಡುವ ಮುನ್ನ ಒಮ್ಮೆ, ಬಂದು ಬೂಟು ಬಿಚ್ಚುವ ಮುನ್ನ ಇನ್ನೊಮ್ಮೆ ನಕ್ಷೆ ನೋಡುವುದು ನಿಯಮವಾಯಿತು. ಮೂಸ್ ನದಿ ದಾಟಿತು. ಹೆದ್ದಾರಿಯ ಅಂಚಿನಲ್ಲಿ ಹಗಲಿಡೀ ನಿಂತು ಹಿಂದಿರುಗಿತು. ಮತ್ತೆ ಬಂದು ದಾಟಿತು. ಇಡೀ ಬಹರೈನನ್ನು ಎಷ್ಟೋ ಸಲ ಸುತ್ತಿಬರುವಷ್ಟು ದೂರವನ್ನು ಒಂದೇ ಬೇಸಿಗೆಯಲ್ಲಿ ನಡೆಯಿತು. ನೆರೆಮನೆಯ ಝುಬೈದಾ ನಗುತ್ತಿದ್ದಳು: "ನಿಮ್ಮ ಮೂಸ್‌ಗೆ ನಮ್ಮ ಹಾಗೆ ಸಿಪಿಆರ್ ಗುರುತಿನ ಕಾರ್ಡು ಯಾರೂ ಕೇಳುದಿಲ್ವಾ ತೆರೇಸಾಬಾಯಿ?"

ಒಂದು ದಿನ ಚುಕ್ಕೆ ನಿಂತಿತು. ಮರುದಿನವೂ ಅಲ್ಲೇ. ವಾರ ಕಳೆದರೂ ಅಲ್ಲೇ.

"ಹೋಯ್ತು," ಎಂದರು ತೆರೇಸಾಬಾಯಿ, ವಾರ್ಡಿನಲ್ಲಿ ಹೇಳುವ ಅದೇ ದನಿಯಲ್ಲಿ. "ನೀನು ಅಲ್ಲಿಗೆ ಹೋಗುವುದು ಬೇಡ." ಮನಾಮಾದ ಇಗರ್ಜಿಯಲ್ಲಿ ಮೇಣದ ಬತ್ತಿ ಹಚ್ಚಿ ಬಂದರು, ಯಾರಿಗಾಗಿ ಎಂದು ಹೇಳಲಿಲ್ಲ.

ಸೋನಲ್ ಅಲ್ಲಿನ ಅರಣ್ಯ ಕಚೇರಿಗೆ ಫೋನು ಮಾಡಿ ಕೇಳಿದಳು. ಮೂಸ್ ಸತ್ತಿರಲಿಲ್ಲ. ಎಳೆಯ ಪ್ರಾಣಿಯ ಕೊರಳು ಬೆಳೆಯುತ್ತದೆ, ಪಟ್ಟಿ ಹಾಗೇ ಉಳಿದರೆ ಉಸಿರು ಕಟ್ಟುತ್ತದೆ; ಅದಕ್ಕೇ ಕಾಲ ಬಂದಾಗ ತಾನಾಗಿ ಕಳಚುವಂತೆ ಅದನ್ನು ಹೊಲಿದಿದ್ದರು. ಪಟ್ಟಿ ಪೊದೆಯಲ್ಲಿ ಬಿದ್ದಿತ್ತು. ಮೂಸ್ ಇನ್ನೂ ಆಚೆಯ ಸರೋವರದಲ್ಲಿ ಮೇಯುವುದನ್ನು ಕಂಡವರಿದ್ದರು.

"ಹಾಗಾದ್ರೆ ಇನ್ನು ಅದು ಎಲ್ಲಿದೆ ಅಂತ ಗೊತ್ತಾಗುವುದು ಹೇಗೆ?"

"ಗೊತ್ತಾಗುವುದಿಲ್ಲ ಮಮ್ಮಿ."

ತೆರೇಸಾಬಾಯಿ ಕನ್ನಡಕ ತೆಗೆದು ಸ್ವೆಟರಿನ ತುದಿಯಿಂದ ಒರೆಸಿದರು. ಬಹಳ ಹೊತ್ತು ಒರೆಸಿದರು. "ಅಲ್ಲಿ ಚಳಿ ಹೆಚ್ಚಂತೆ," ಎಂದರು ಕೊನೆಗೆ. "ನಿನ್ನ ಹತ್ರ ಇರುವ ಸ್ವೆಟರ್ ಯಾವುದೂ ಸಾಕಾಗ್ಲಿಕ್ಕಿಲ್ಲ." ಅವರ ಹೂಂ ಅಷ್ಟೇ.

ವಿಮಾನ ನಿಲ್ದಾಣದಲ್ಲಿ, ಅಭ್ಯಾಸದಂತೆ ಮಗಳ ಮೊಬೈಲಿನತ್ತ ಹೋದ ಕಣ್ಣನ್ನು ಮುಖದ ಕಡೆಗೆ ಎತ್ತಿದರು. "ಮುಟ್ಟಿದ ಕೂಡ್ಲೆ..." ಎಂದು ತೊಡಗಿ, "ಏನಾದ್ರೂ ಬಿಸಿ ತಿನ್ನು," ಎಂದು ಮುಗಿಸಿದರು.

"ಮಮ್ಮಿ, ನಿಮಗೆ ಹುಷಾರಿಲ್ವಾ?" ಎಂದಳು ಸೋನಲ್.

ಮರುದಿನವಿಡೀ ತೆರೇಸಾಬಾಯಿ ಫೋನನ್ನು ಸ್ವೆಟರಿನ ಜೇಬಿನಲ್ಲಿಟ್ಟು, ಅದರ ಮೇಲೆ ಒಂದು ಕೈಯಿಟ್ಟುಕೊಂಡೇ ವಾರ್ಡು ಸುತ್ತಿದರು. ನಾನು ಕಂಡಂತೆ, ಕಾಯುವುದನ್ನೇ ಕಸುಬು ಮಾಡಿಕೊಂಡವರೆಲ್ಲ ಹೀಗೆಯೇ. ಅವರ ಪಾಲಿಗೆ ಮೌನಕ್ಕೆ ಇರುವುದು ಒಂದೇ ಅರ್ಥ. ಜೀವವೊಂದು ಚೆನ್ನಾಗಿರುವಾಗಲೂ ಸುಮ್ಮನಿರಬಹುದೆಂಬುದನ್ನು ಅವರು ಒಪ್ಪುತ್ತಾರೆ, ನಂಬುವುದಿಲ್ಲ.